ಪಿಂಛಿಯ ಪರಿವರ್ತನೆ, ಫೋನಿನ ಪರಿವರ್ತನೆ

ಚಾತುರ್ಮಾಸದ ಕೊನೆಯಲ್ಲಿ ದಿಗಂಬರ ಮುನಿಸಂಘಗಳಲ್ಲಿ ಪಿಂಛಿ ಪರಿವರ್ತನೆಯ ಸಮಾರಂಭ ನಡೆಯುವುದನ್ನು ನಮ್ಮ ಶ್ರಾವಕ-ಶ್ರಾವಿಕೆಯರು ಕಂಡೇ ಇದ್ದಾರೆ. ವರ್ಷವಿಡೀ ಮುನಿಗಳ ಕೈಯಲ್ಲಿದ್ದ ನವಿಲುಗರಿಯ ಪಿಂಛಿಯನ್ನು ಅಂದು ಬದಲಿಸಲಾಗುತ್ತದೆ. ಹೊಸ ಪಿಂಛಿಯನ್ನು ಭಕ್ತರು ಅರ್ಪಿಸುತ್ತಾರೆ. ಹಳೆಯ ಪಿಂಛಿಯು ಯಾವುದಾದರೊಂದು ವ್ರತವನ್ನೋ ನಿಯಮವನ್ನೋ ಸ್ವೀಕರಿಸಿದ ಗೃಹಸ್ಥರಿಗೆ ದೊರೆಯುತ್ತದೆ. ಸರ್ವಸಂಗ ಪರಿತ್ಯಾಗಿಗಳಾದ ಮುನಿಗಳೂ ವರ್ಷಕ್ಕೊಮ್ಮೆ ಒಂದು ವಸ್ತುವನ್ನು ಬದಲಿಸಿಕೊಳ್ಳುತ್ತಾರೆ ಎಂಬ ಸಂಗತಿಯಲ್ಲಿ ಗೃಹಸ್ಥರು ಕಲಿಯಬೇಕಾದುದು ಬಹಳವಿದೆ.

ಪಿಂಛಿಯನ್ನು ಏಕೆ ಬದಲಿಸಬೇಕು? ಅದು ಸಂಯಮೋಪಕರಣ. ಕುಳಿತುಕೊಳ್ಳುವಾಗ, ಮಲಗುವಾಗ, ಗ್ರಂಥವನ್ನು ಎತ್ತಿ ಇಡುವಾಗ ಅಲ್ಲಿರಬಹುದಾದ ಸೂಕ್ಷ್ಮಜೀವಿಗಳನ್ನು ನೋವಾಗದಂತೆ ಪಕ್ಕಕ್ಕೆ ಸರಿಸುವುದು ಅದರ ಕಾರ್ಯ. ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸೌಕುಮಾರ್ಯ, ಲಘುತ್ವ ಎಂಬ ಐದು ಗುಣಗಳನ್ನು ಶಾಸ್ತ್ರಕಾರರು ಅದಕ್ಕೆ ಹೇಳಿದ್ದಾರೆ. ನವಿಲುಗರಿಯ ಸೌಂದರ್ಯವನ್ನು ಅರಿಯದವರಿಲ್ಲ. ಆದರೂ ಆ ಐದರಲ್ಲಿ ಸೌಂದರ್ಯಕ್ಕೆ ಸ್ಥಾನವಿಲ್ಲ. ಬಳಸಿ ಬಳಸಿ ಗರಿ ಒರಟಾದಾಗ, ಜೀವಿಯನ್ನು ಕಾಯಬೇಕಾದ ಸಾಧನವೇ ಜೀವಿಗೆ ಬಾಧೆ ಕೊಡಬಹುದೆಂಬ ಸ್ಥಿತಿ ಬಂದಾಗ, ಅದನ್ನು ಬದಲಿಸಲಾಗುತ್ತದೆ. ಒಂದು ಬಂದಾಗ ಒಂದು ಹೋಗುತ್ತದೆ. ಸಂಖ್ಯೆ ಒಂದೇ ಆಗಿ ಉಳಿಯುತ್ತದೆ.

ಅಂದರೆ ವಸ್ತುವನ್ನು ಬದಲಿಸುವುದೇ ದೋಷವೆಂದು ನಮ್ಮ ಪರಂಪರೆ ಹೇಳಿಲ್ಲ. ಯಾವ ಕಾರಣಕ್ಕೆ ಬದಲಿಸಿದೆ, ಹಳೆಯದು ಎಲ್ಲಿಗೆ ಹೋಯಿತು, ಲೆಕ್ಕ ಹೆಚ್ಚಿತೋ ಇಲ್ಲವೋ ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳುತ್ತದೆ. ಈ ಮೂರು ಪ್ರಶ್ನೆಗಳನ್ನು ಇಂದು ನಮ್ಮೆಲ್ಲರ ಕೈಯಲ್ಲಿರುವ ಸ್ಮಾರ್ಟ್‌ಫೋನಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕಾಲವೂ ಇದಕ್ಕೆ ತಕ್ಕಂತಿದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ನಾವು ಉತ್ತಮ ಶೌಚ, ಉತ್ತಮ ಆಕಿಂಚನ್ಯಗಳ ಮೇಲೆ ಪ್ರವಚನ ಕೇಳುವ ದಿನಗಳ ಆಸುಪಾಸಿನಲ್ಲೇ ಅಮೆರಿಕದ ಆಪಲ್ ಕಂಪನಿ ತನ್ನ ಹೊಸ ಫೋನನ್ನು ಜಗತ್ತಿಗೆ ತೋರಿಸುವ ವಾಡಿಕೆ ಬೆಳೆದುಬಂದಿದೆ. 2024ರಲ್ಲಿ ಸೆಪ್ಟೆಂಬರ್ 9ರಂದು, ಪರ್ವದ ಹತ್ತು ದಿನಗಳ ನಡುವೆಯೇ, ಆ ಪ್ರದರ್ಶನ ನಡೆಯಿತು. ನಮ್ಮ ಮನೆಗಳ ಎಷ್ಟೋ ಯುವಕರು ಅಂದು ಎರಡನ್ನೂ ಕೇಳಿದ್ದಾರೆ. ಮನಸ್ಸು ಯಾವುದರ ಕಡೆಗೆ ವಾಲಿತೆಂಬುದನ್ನು ಅವರವರೇ ಬಲ್ಲರು.

ಬ್ಯಾಟರಿಯ ಪ್ರಕರಣ

ಸಾಮಾನ್ಯ ಮಾತುಗಳಲ್ಲಿ ಉಪದೇಶ ಮಾಡುವುದು ಸುಲಭ. ಆದ್ದರಿಂದ ಜಗತ್ತಿಗೆಲ್ಲ ತಿಳಿದಿರುವ ಒಂದು ಪ್ರಕರಣವನ್ನೇ ಎತ್ತಿಕೊಂಡು ವಿವೇಚಿಸೋಣ. 2017ರ ಜನವರಿಯಲ್ಲಿ ಆಪಲ್ ಕಂಪನಿಯು ತನ್ನ ಐಫೋನುಗಳಿಗೆ 10.2.1 ಎಂಬ ಸಂಖ್ಯೆಯ ತಂತ್ರಾಂಶ ಪರಿಷ್ಕರಣವನ್ನು ಕಳುಹಿಸಿತು. ಹಳೆಯ ಬ್ಯಾಟರಿಯುಳ್ಳ ಫೋನುಗಳು ಇದ್ದಕ್ಕಿದ್ದಂತೆ ಆರಿಹೋಗುತ್ತಿದ್ದ ತೊಂದರೆ ಇದರಿಂದ ಕಡಮೆಯಾಯಿತೆಂದು ಕಂಪನಿ ಹೇಳಿತು. ಹೇಗೆ ಕಡಮೆಯಾಯಿತೆಂಬುದನ್ನು ಮಾತ್ರ ಬಳಕೆದಾರರಿಗೆ ಬಿಡಿಸಿ ಹೇಳಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ, ಫೋನುಗಳ ವೇಗವನ್ನು ಅಳೆಯುವ ತಂತ್ರಾಂಶವೊಂದನ್ನು ರೂಪಿಸಿದ್ದ ಜಾನ್ ಪೂಲ್ ಎಂಬವರು ತಮ್ಮಲ್ಲಿ ಸಂಗ್ರಹವಾಗಿದ್ದ ಅಳತೆಗಳನ್ನು ಹೋಲಿಸಿ ಪ್ರಕಟಿಸಿದರು. ಒಂದೇ ಮಾದರಿಯ ಫೋನುಗಳು ಹೊಸ ತಂತ್ರಾಂಶ ಬಂದ ಮೇಲೆ ಬೇರೆ ಬೇರೆ ಮಟ್ಟಗಳಲ್ಲಿ ನಿಧಾನಗೊಂಡಿದ್ದುದು ಅದರಿಂದ ಸ್ಪಷ್ಟವಾಯಿತು. ಎರಡೇ ದಿನಗಳಲ್ಲಿ ಕಂಪನಿ ವಿಷಯವನ್ನು ಒಪ್ಪಿಕೊಂಡಿತು. ಬ್ಯಾಟರಿ ಹಳತಾದ ಫೋನಿನ ವೇಗವನ್ನು ತಾನೇ ತಗ್ಗಿಸುತ್ತಿರುವುದು ನಿಜವೆಂದು ಹೇಳಿತು. ಡಿಸೆಂಬರ್ 28ರಂದು ಬಹಿರಂಗವಾಗಿ ಕ್ಷಮೆ ಕೋರಿ, 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ವೆಚ್ಚವನ್ನು 2018ರ ಅಂತ್ಯದವರೆಗೆ 29 ಡಾಲರಿಗೆ ಇಳಿಸಿತು.

ವಿಮರ್ಶೆ ಮಾಡುವವನು ಎದುರು ಪಕ್ಷದ ಸಮರ್ಥನೆಯನ್ನೂ ಕೇಳಬೇಕು; ಅನೇಕಾಂತವನ್ನು ಒಪ್ಪಿದವರಿಗೆ ಇದು ಅನಿವಾರ್ಯ. ಈ ಫೋನುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಪ್ರತಿ ಸಲ ವಿದ್ಯುತ್ತನ್ನು ತುಂಬಿ ಖಾಲಿ ಮಾಡಿದಾಗಲೂ ಅದರ ಒಳಗಿನ ರಾಸಾಯನಿಕ ಸ್ಥಿತಿ ಸ್ವಲ್ಪಸ್ವಲ್ಪವೇ ಕೆಡುತ್ತದೆ. ಅದು ಹಿಡಿದಿಡುವ ವಿದ್ಯುತ್ತು ಕಡಮೆಯಾಗುತ್ತದೆ, ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಫೋನು ಒಮ್ಮೆಲೇ ಹೆಚ್ಚು ಶಕ್ತಿಯನ್ನು ಬೇಡಿದಾಗ ಮುದಿ ಬ್ಯಾಟರಿ ಅದನ್ನು ಒದಗಿಸಲಾರದೆ ಸೋಲುತ್ತದೆ, ಫೋನು ಆರಿಹೋಗುತ್ತದೆ. ಆಪತ್ತಿನ ವೇಳೆಯಲ್ಲಿ ಆರಿಹೋಗುವ ಫೋನಿಗಿಂತ ನಿಧಾನವಾಗಿ ನಡೆಯುವ ಫೋನೇ ಮೇಲೆಂಬುದು ಕಂಪನಿಯ ವಾದ. ಈ ವಾದದಲ್ಲಿ ಹುರುಳಿದೆ. ಮುದಿ ಎತ್ತಿನ ಹೇರನ್ನು ತಗ್ಗಿಸಿದ ರೈತನನ್ನು ಯಾರೂ ದೂಷಿಸಲಾರರು.

ಹಾಗಾದರೆ ದೋಷ ಎಲ್ಲಿದೆ? ದೋಷವಿರುವುದು ಮುಚ್ಚಿಟ್ಟಿದ್ದರಲ್ಲಿ. ಹೇರನ್ನು ತಗ್ಗಿಸಿದ ಸಂಗತಿಯನ್ನು ಎತ್ತಿನ ಒಡೆಯನಿಗೇ ತಿಳಿಸಲಿಲ್ಲ. ಫೋನು ನಿಧಾನವಾದುದನ್ನು ಕಂಡ ಒಡೆಯನು ಎತ್ತೇ ಮುಗಿಯಿತೆಂದು ತಿಳಿದು ಸಂತೆಗೆ ಹೊಸ ಎತ್ತನ್ನು ಕೊಳ್ಳಲು ಹೊರಟನು. ಬ್ಯಾಟರಿಯೊಂದನ್ನು ಬದಲಿಸಿದರೆ ಹಳೆಯ ವೇಗ ಮರಳುತ್ತದೆಂಬ ಅರಿವು ಅವನಿಗಿರಲಿಲ್ಲ; ಆ ಅರಿವು ಇದ್ದವರು ಅದನ್ನು ಅವನಿಗೆ ಕೊಡಲಿಲ್ಲ.

ನ್ಯಾಸಾಪಹಾರ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನು ಹೆಸರಿಸಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತಾರೆ. ಒಬ್ಬನು ತನ್ನ ಹೊನ್ನನ್ನು ಇನ್ನೊಬ್ಬನಲ್ಲಿ ಒತ್ತೆಯಾಗಿ ಇಟ್ಟಿರುತ್ತಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಮೆ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ಅವನು ಕದಿಯಲಿಲ್ಲ, ಸುಳ್ಳನ್ನೂ ಸೃಷ್ಟಿಸಲಿಲ್ಲ; ಎದುರಿನವನ ಅಜ್ಞಾನವನ್ನು ಸರಿಪಡಿಸದೆ ಸುಮ್ಮನಿದ್ದನು, ಅಷ್ಟೆ. ಆದರೂ ಅದು ಸತ್ಯವ್ರತಕ್ಕೆ ತಗುಲಿದ ಕಲೆಯೆಂದು ನಮ್ಮ ಆಚಾರ್ಯರು ನಿರ್ಣಯಿಸಿದರು. ವ್ಯಾಪಾರವನ್ನೇ ಜೀವನಮಾರ್ಗವಾಗಿ ಹಿಡಿದ ಸಮುದಾಯಕ್ಕೆ ಇಷ್ಟು ಸೂಕ್ಷ್ಮವಾದ ನೀತಿಯನ್ನು ಅವರು ಕೊಟ್ಟುದು ಸುಮ್ಮನೆ ಅಲ್ಲ.

ಹಣ ಕೊಟ್ಟು ಫೋನನ್ನು ಕೊಂಡವನು ಅದರ ವೇಗಕ್ಕೂ ಬೆಲೆ ತೆತ್ತಿರುತ್ತಾನೆ. ಆ ವೇಗ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ಅಳೆಯುವ ಸಾಧನ ಅವನಲ್ಲಿಲ್ಲ. ಅಳತೆ ಮಾರಿದವನ ಕೈಯಲ್ಲೇ ಉಳಿದಿದೆ. ಇಂಥಲ್ಲಿ ಮೌನವೇ ಅಪಹಾರವಾಗುತ್ತದೆ. ಫ್ರಾನ್ಸಿನ ಅಧಿಕಾರಿಗಳು 2020ರ ಫೆಬ್ರವರಿಯಲ್ಲಿ ಆಪಲ್ ಕಂಪನಿಗೆ 2 ಕೋಟಿ 50 ಲಕ್ಷ ಯೂರೋ ದಂಡ ವಿಧಿಸಿದಾಗ ಕೊಟ್ಟ ಕಾರಣ ಇದಕ್ಕೆ ಹತ್ತಿರವಾದುದು: ಪರಿಷ್ಕರಣದಿಂದ ಫೋನು ನಿಧಾನವಾಗಬಹುದೆಂದು ಗ್ರಾಹಕರಿಗೆ ತಿಳಿಸಲಿಲ್ಲವೆಂಬುದು. ಅದಕ್ಕೂ ಮೊದಲು, 2018ರ ಅಕ್ಟೋಬರಿನಲ್ಲಿ, ಇಟಲಿಯ ಸ್ಪರ್ಧಾ ಪ್ರಾಧಿಕಾರವು ತಂತ್ರಾಂಶ ಪರಿಷ್ಕರಣಗಳಿಂದ ಗ್ರಾಹಕರಿಗೆ ತೊಂದರೆಯಾದ ವಿಷಯದಲ್ಲಿ ಆಪಲ್ ಕಂಪನಿಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್ ಕಂಪನಿಗೆ 50 ಲಕ್ಷ ಯೂರೋ ದಂಡ ವಿಧಿಸಿತ್ತು. ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ ಹಲವು ರಾಜ್ಯಗಳೊಡನೆ ಕಂಪನಿ 11 ಕೋಟಿ 30 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆದರೆ ತಪ್ಪನ್ನು ಒಪ್ಪಿಕೊಂಡು ಮಾಡಿದ ಒಪ್ಪಂದ ಅದಾಗಿರಲಿಲ್ಲ. ಜನರಿಂದ ಹೊಸ ಫೋನು ಕೊಳ್ಳಿಸಬೇಕೆಂದೇ ಹೀಗೆ ಮಾಡಿದೆವೆಂಬ ಆರೋಪವನ್ನು ಅದು ಮೊದಲಿನಿಂದಲೂ ನಿರಾಕರಿಸಿದೆ. ಅಂತರಂಗದ ಭಾವವನ್ನು ನಾವು ತೀರ್ಮಾನಿಸಲಾರೆವು. ಮುಚ್ಚಿಟ್ಟುದರ ಫಲವನ್ನಂತೂ ನೋಡಬಲ್ಲೆವು.

ಆ ಫಲ ಏನೆಂಬುದು ಅದಕ್ಕೂ ಮೊದಲೇ ಬೆಳಕಿಗೆ ಬಂದಿತ್ತು. 2019ರ ಜನವರಿ 2ರಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ, ಆ ತ್ರೈಮಾಸಿಕದ ವರಮಾನ 8,900 ಕೋಟಿ ಡಾಲರಿಗಿಂತ ಹೆಚ್ಚಾಗುವುದೆಂಬ ನಿರೀಕ್ಷೆ ಸುಳ್ಳಾಗಿ ಸುಮಾರು 8,400 ಕೋಟಿ ಡಾಲರಿಗೆ ನಿಲ್ಲುವುದೆಂದು ತಿಳಿಸಿದರು. ಚೀನಾದ ಆರ್ಥಿಕ ಹಿನ್ನಡೆಯನ್ನು ಅವರು ಮುಖ್ಯ ಕಾರಣವಾಗಿ ಹೇಳಿದ್ದರು. ಆದರೆ ಜನರು ಹೊಸ ಫೋನು ಕೊಳ್ಳದಿರಲು ಅವರು ಪಟ್ಟಿ ಮಾಡಿದ ಕಾರಣಗಳಲ್ಲಿ ಇನ್ನೊಂದೂ ಇತ್ತು: ಅಗ್ಗವಾದ ಬ್ಯಾಟರಿ ಬದಲಾವಣೆಯ ಪ್ರಯೋಜನವನ್ನು ಗ್ರಾಹಕರು ಪಡೆದುಕೊಂಡದ್ದು. ವಾಚಕರು ಈ ಮಾತನ್ನು ನಿಧಾನವಾಗಿ ಮನನ ಮಾಡಬೇಕು. ಹೊಸ ಫೋನು ಬೇಕೆಂದು ಹೊರಟಿದ್ದವರಲ್ಲಿ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿದ್ದುದು ಒಂದು ಬ್ಯಾಟರಿ ಮಾತ್ರವೆಂದು ಮಾರುವವರೇ ಬರೆದು ಕೊಟ್ಟ ಸಾಕ್ಷ್ಯವಿದು.

ನಮ್ಮ ಪಾಲು

ದೋಷವನ್ನೆಲ್ಲ ಮಾರುವವನ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗುವಂತಿಲ್ಲ. ಬ್ಯಾಟರಿಯ ಗುಟ್ಟು ಬಯಲಾಗುವ ಮೊದಲೂ ಅನಂತರವೂ, ಸರಿಯಾಗಿ ನಡೆಯುತ್ತಿರುವ ಫೋನನ್ನು ಬದಲಿಸಿದವರು ನಮ್ಮಲ್ಲಿ ಕಡಮೆಯೇನಿಲ್ಲ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಇರುವಿಕೆಯಿಂದ ಗುರುತಿಸದೆ ಮೂರ್ಛೆಯಿಂದ, ಎಂದರೆ ವಸ್ತುವಿನಲ್ಲಿ ಮನಸ್ಸು ಮುಳುಗಿ ಎಚ್ಚರ ತಪ್ಪುವ ಸ್ಥಿತಿಯಿಂದ ಗುರುತಿಸಿದರು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರಿಗೆ ದೊರೆತ ಲಾಭವನ್ನೂ ಸಂಪತ್ತನ್ನೂ ಕಂಡು ಬೆರಗಾಗಿ, ತನಗಿಲ್ಲವಲ್ಲ ಎಂದು ಕುದಿಯುವುದು ಅದರ ತಾತ್ಪರ್ಯ. ಬೆರಗೂ ಒಂದು ಅತಿಚಾರವಾಗಬಲ್ಲದೆಂಬ ಈ ಒಳನೋಟ ನನ್ನನ್ನು ಬಹಳ ಕಾಲದಿಂದ ಕಾಡಿದೆ. ವರ್ಷಕ್ಕೊಮ್ಮೆ ಬೆಳಗಿದ ವೇದಿಕೆಯ ಮೇಲೆ ಹೊಸ ಫೋನನ್ನು ಎತ್ತಿ ತೋರಿಸುವ ಪದ್ಧತಿಯ ಬಂಡವಾಳವೇ ವಿಸ್ಮಯ. ನೆರೆಯವನ ಮಗನ ಕೈಯಲ್ಲಿ ಮೂರು ಮಸೂರಗಳ ಫೋನನ್ನು ಕಂಡ ನಮ್ಮ ಮಗ ಎರಡು ಮಸೂರಗಳ ತನ್ನ ಫೋನನ್ನು ಮರೆಮಾಡುವಾಗ ಆ ಬಂಡವಾಳಕ್ಕೆ ಬಡ್ಡಿ ಹುಟ್ಟುತ್ತದೆ.

ಇದರ ವೆಚ್ಚ ಹಣದ ಲೆಕ್ಕಕ್ಕೆ ಮಾತ್ರ ಸೇರಿದುದಲ್ಲ. ಬ್ಯಾಟರಿಯಲ್ಲಿ ಬಳಸುವ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ನೆಲದಿಂದ ಬರುತ್ತದೆ. ಅಲ್ಲಿ ಒಂದು ಭಾಗವನ್ನು ಜನರು ಕೈಯಿಂದಲೇ ಅಗೆದು ತೆಗೆಯುತ್ತಾರೆಂದೂ ಅವರಲ್ಲಿ ಮಕ್ಕಳೂ ಇದ್ದಾರೆಂದೂ ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಇನ್ನೊಂದು ತುದಿಯಲ್ಲಿ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಉತ್ಪತ್ತಿಯಾಯಿತು. ಇದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆಯಿರುವುದು ಕಾಲು ಭಾಗಕ್ಕಿಂತಲೂ ಕಡಮೆ. ಫೋನು ಒಂದು ಸಣ್ಣ ವಸ್ತು. ಈ ರಾಶಿಯಲ್ಲಿ ಅದರ ತೂಕ ಅಲ್ಪವೇ. ಆದರೆ ಅದರೊಳಗಿನ ಲೋಹಗಳಿಗಾಗಿ ಅಗೆದ ನೆಲ ಅಲ್ಪವಲ್ಲ. ಗೃಹಸ್ಥನಿಗೆ ಸ್ಥಾವರ ಜೀವಿಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದು. ಆಚಾರ್ಯರು ಇದನ್ನು ಬಲ್ಲರು. ಆದ್ದರಿಂದಲೇ ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಇವನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದರು. ಪ್ರಯೋಜನ ಮುಗಿಯದ ಫೋನನ್ನು ಬಿಟ್ಟು ಇನ್ನೊಂದನ್ನು ಕೊಂಡಾಗ, ನಾವು ಕಾಣದ ನೆಲವೊಂದನ್ನು ನಿಷ್ಪ್ರಯೋಜನವಾಗಿ ಅಗೆಸಿದಂತಾಗುತ್ತದೆ. ನಮಗೆ ಹತ್ತಿರದ ಸಂಗತಿಯನ್ನೂ ಮರೆಯಬಾರದು. ಐಫೋನುಗಳ ಜೋಡಣೆ ಈಗ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ನಡೆಯುತ್ತದೆ. ವೇತನದ ವಿಚಾರವಾಗಿ 2020ರ ಡಿಸೆಂಬರಿನಲ್ಲಿ ಅಲ್ಲಿಯ ಕಾರ್ಖಾನೆಯಲ್ಲಿ ಕಾರ್ಮಿಕರ ಆಕ್ರೋಶ ಸಿಡಿದುದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ.

ಹಳೆಯದರ ಮೋಹ

ಇಲ್ಲಿಗೆ ಲೇಖನವನ್ನು ನಿಲ್ಲಿಸಿದ್ದರೆ ಹಳೆಯ ಫೋನನ್ನು ಹಿಡಿದುಕೊಂಡವರೆಲ್ಲ ಧರ್ಮಾತ್ಮರೆಂಬ ಭಾವನೆ ಉಂಟಾಗುತ್ತಿತ್ತು. ಹಾಗೆ ನಂಬಿ ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ನಿವೇದಿಸಬೇಕಾಗಿದೆ. ನನ್ನ ಫೋನು ನಿಧಾನವಾಗಿ, ಮಧ್ಯಾಹ್ನದೊಳಗೆ ಆರಿಹೋಗತೊಡಗಿದಾಗ ಮಕ್ಕಳು ಹೊಸದನ್ನು ಕೊಡಿಸಲು ಮುಂದಾದರು. ನಾನು ಒಪ್ಪದೆ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಬ್ಯಾಟರಿ ಬದಲಿಸಿದೆ. ಫೋನು ಮತ್ತೆ ಮೊದಲಿನಂತೆ ನಡೆಯಿತು. ಸರಿಯಾದ ಕೆಲಸವನ್ನೇ ಮಾಡಿದ್ದೆ. ಆದರೆ ಅದನ್ನು ಹೋದಲ್ಲೆಲ್ಲ ಹೇಳಿಕೊಂಡು ತಿರುಗುವ ಚಟ ಅಂಟಿಕೊಂಡಿತು. ಹಳೆಯ ಫೋನನ್ನು ಜೇಬಿನಿಂದ ತೆಗೆದು ತೋರಿಸುವುದರಲ್ಲಿ, ಹೊಸದನ್ನು ತೋರಿಸುವವರಿಗಿರುವಷ್ಟೇ ಸುಖ ನನಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕೆಲವು ಕಾಲದ ಅನಂತರ ನಾನು ಸದಸ್ಯನಾಗಿರುವ ಬಸದಿಯ ವಿಶ್ವಸ್ತ ಮಂಡಳಿಯ ಸಭೆಯಲ್ಲಿ ಕಾರ್ಯಾಲಯದ ಫೋನನ್ನು ಬದಲಿಸುವ ಪ್ರಸ್ತಾಪ ಬಂತು. ಕಾಣಿಕೆಗಳನ್ನು ಸ್ವೀಕರಿಸುವುದೂ ದಾನಿಗಳಿಗೆ ರಸೀದಿ ಕಳುಹಿಸುವುದೂ ಆ ಫೋನಿನಿಂದಲೇ. ಊರಿನ ಮತ್ತು ಪರಸ್ಥಳದ ದಾನಿಗಳ ಹೆಸರು, ದೂರವಾಣಿ ಸಂಖ್ಯೆ, ಕೊಟ್ಟ ಮೊತ್ತ ಎಲ್ಲವೂ ಅದರಲ್ಲಿದ್ದವು. ನಮ್ಮ ಗುಮಾಸ್ತರು ಫೋನು ಹಳತಾಗಿದೆಯೆಂದು ಸಂಕೋಚದಿಂದಲೇ ಹೇಳಿದರು. ನಾನು ಎದ್ದು ನಿಂತು ಅಪರಿಗ್ರಹದ ಮೇಲೆ ಮಾತಾಡಿದೆ. ಧರ್ಮದ ಹಣದಲ್ಲಿ ಹೊಸ ಫೋನಿನ ಆಸೆಯನ್ನು ತೀರಿಸಿಕೊಳ್ಳಬಾರದು, ಬ್ಯಾಟರಿ ಬದಲಿಸಿದರೆ ಸಾಕು ಎಂದೆ. ಸಭೆ ತಲೆದೂಗಿತು. ಗುಮಾಸ್ತರು ಮರುಮಾತಾಡಲಿಲ್ಲ. ಬ್ಯಾಟರಿ ಬದಲಾಯಿತು, ಫೋನು ಚೆನ್ನಾಗಿಯೇ ನಡೆಯಿತು.

ಒಂದು ವರ್ಷದ ಮೇಲೆ ಸಮಾಜದ ಒಬ್ಬ ತರುಣ ಇಂಜಿನಿಯರರು ಆ ಫೋನನ್ನು ಪರೀಕ್ಷಿಸಿ, ಅದನ್ನು ತಯಾರಿಸಿದವರು ಸುರಕ್ಷಾ ಪರಿಷ್ಕರಣಗಳನ್ನು ಕಳುಹಿಸುವುದನ್ನು ನಿಲ್ಲಿಸಿ ಮೂರು ವರ್ಷಗಳು ಕಳೆದಿವೆಯೆಂದು ತಿಳಿಸಿದರು. ತಂತ್ರಾಂಶದಲ್ಲಿ ಹೊಸ ಹೊಸ ಬಿರುಕುಗಳು ಕಂಡುಬರುತ್ತಲೇ ಇರುತ್ತವೆ. ವಂಚಕರು ಅವುಗಳ ಮೂಲಕ ಒಳಹೊಗುತ್ತಾರೆ. ಆ ಬಿರುಕುಗಳನ್ನು ಮುಚ್ಚುವುದೇ ಸುರಕ್ಷಾ ಪರಿಷ್ಕರಣ. ಅದು ನಿಂತ ಫೋನಿನಲ್ಲಿ ನೂರಾರು ಕುಟುಂಬಗಳ ವಿವರಗಳನ್ನು ಇಟ್ಟುಕೊಂಡು ಕುಳಿತಿದ್ದೆವು. ಗುಮಾಸ್ತರು ಅಂದು ಹೇಳಲು ಬಂದುದು ಇದನ್ನೇ. ಫೋನಿನ ಪರದೆಯ ಮೇಲೆ ಬಂದಿದ್ದ ಎಚ್ಚರಿಕೆಯನ್ನು ಅವರು ಓದಿದ್ದರು. ಅದೃಷ್ಟವಶಾತ್ ಯಾವ ಹಾನಿಯೂ ಆಗಲಿಲ್ಲ. ಆದರೆ ಒಬ್ಬ ಪ್ರಾಮಾಣಿಕ ನೌಕರರ ಜವಾಬ್ದಾರಿಯ ಮಾತನ್ನು ಆಸೆಯೆಂದು ನಾಲ್ಕು ಜನರೆದುರು ಹಂಗಿಸಿದ ಹಾನಿ ನನ್ನಿಂದ ಆಗಿಹೋಗಿತ್ತು. ಆ ವರ್ಷದ ಕ್ಷಮಾವಣಿಯಂದು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು. ನನ್ನ ಅಪರಿಗ್ರಹದ ಭಾಷಣದಲ್ಲಿ ಮಾನಕಷಾಯ ಎಷ್ಟಿತ್ತೆಂಬ ಲೆಕ್ಕ ನನಗೆ ಇನ್ನೂ ಮುಗಿದಿಲ್ಲ.

ಪಿಂಛಿಯ ದೃಷ್ಟಾಂತ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಗರಿ ಒರಟಾದ ಮೇಲೂ ಅದನ್ನೇ ಹಿಡಿದುಕೊಳ್ಳುವುದು ವೈರಾಗ್ಯವಾಗದು, ಪ್ರಮಾದವಾಗುತ್ತದೆ. ತನ್ನಲ್ಲಿ ನಂಬಿ ಇಟ್ಟ ಪರರ ಗುಟ್ಟನ್ನು ಕಾಯಲಾರದ ಫೋನು ಒರಟಾದ ಪಿಂಛಿಗೆ ಸಮಾನ. ನನ್ನ ಸ್ವಂತ ಫೋನಿನ ವಿಷಯದಲ್ಲಿ ಸರಿಯಾಗಿದ್ದ ನಿರ್ಣಯ ಬಸದಿಯ ಫೋನಿನ ವಿಷಯದಲ್ಲಿ ತಪ್ಪಾಯಿತು. ಎರಡೂ ಕಡೆ ಬ್ಯಾಟರಿ ಹಳತಾಗಿತ್ತು. ಆದರೆ ಒಂದು ಕಡೆ ಮಾತ್ರ ಕಾಯುವ ಗುಣವೇ ಹೋಗಿತ್ತು.

ಆಯುಸ್ಸನ್ನು ನಿರ್ಣಯಿಸುವವರು

ಆದರೆ ಫೋನಿನ ಈ ಕಾಯುವ ಗುಣ ಗರಿಯಂತೆ ತಾನಾಗಿ ಸವೆಯುವುದಿಲ್ಲ. ಪರಿಷ್ಕರಣವನ್ನು ಎಂದು ನಿಲ್ಲಿಸಬೇಕೆಂಬುದನ್ನು ತಯಾರಕರೇ ತೀರ್ಮಾನಿಸುತ್ತಾರೆ. ಎರಡು ಮೂರು ವರ್ಷಗಳಲ್ಲಿ ನಿಲ್ಲಿಸುವುದು ಅನಿವಾರ್ಯವೆಂಬಂತೆ ಬಹಳ ಕಾಲ ನಡೆದುಬಂತು. ಬಳಿಕ 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ 24 ಫೋನಿಗೂ ಏಳು ವರ್ಷಗಳ ಪರಿಷ್ಕರಣದ ಭರವಸೆ ಕೊಟ್ಟವು. ಇವು ದುಬಾರಿ ಫೋನುಗಳು; ಬಡವನು ಕೊಳ್ಳುವ ಫೋನಿಗೆ ಇಷ್ಟು ಆಯುಸ್ಸಿನ ಭರವಸೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ ಅಲ್ಲಿ ಮಾರಾಟಕ್ಕೆ ಬರುವ ಫೋನುಗಳ ಬ್ಯಾಟರಿ 800 ಸಲ ತುಂಬಿ ಖಾಲಿ ಮಾಡಿದ ಮೇಲೂ ತನ್ನ ಸಾಮರ್ಥ್ಯದ 80 ಭಾಗವನ್ನು ಉಳಿಸಿಕೊಂಡಿರಬೇಕು. ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗಗಳು ದೊರೆಯಬೇಕು. ಐದು ವರ್ಷ ತಂತ್ರಾಂಶ ಪರಿಷ್ಕರಣ ನಡೆಯಬೇಕು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನು ನೇಮಿಸಿ, ತಯಾರಕರ ದುರಸ್ತಿ ಮಾಹಿತಿಯನ್ನು ಒಂದೆಡೆ ಒದಗಿಸುವ ಜಾಲತಾಣವನ್ನು ತೆರೆಯಿತು. ವಿದ್ಯುನ್ಮಾನ ಕಸದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಫೋನಿನ ಆಯುಸ್ಸು ಪ್ರಕೃತಿಯ ಕಟ್ಟಳೆಯಲ್ಲ, ಮನುಷ್ಯರ ತೀರ್ಮಾನವೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ. ಕೊಳ್ಳುವವರು ಕೇಳಿದರೆ, ಕಾನೂನು ಬಿಗಿದರೆ, ಆ ಆಯುಸ್ಸು ಬೆಳೆಯುತ್ತದೆ. ಆದ್ದರಿಂದ ಕೊಳ್ಳುವ ದಿನವೇ ಬಣ್ಣ, ಮಸೂರಗಳ ಪ್ರಶ್ನೆಗೆ ಮುನ್ನ ಪರಿಷ್ಕರಣ ಎಷ್ಟು ವರ್ಷ ಎಂಬ ಪ್ರಶ್ನೆಯನ್ನು ಕೇಳುವುದು ಶ್ರಾವಕನ ವಿವೇಕ.

ಒಂದು ನಿಯಮ

ಸಮಂತಭದ್ರರು ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ ತ್ಯಾಗದಲ್ಲಿ ಯಮ, ನಿಯಮಗಳೆಂಬ ಎರಡು ಬಗೆಗಳನ್ನು ತೋರಿಸಿದ್ದಾರೆ. ಜೀವಾವಧಿಯ ತ್ಯಾಗ ಯಮ. ಕಾಲಮಿತಿಯುಳ್ಳ ತ್ಯಾಗ ನಿಯಮ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತು ಉಪಭೋಗ. ಫೋನು ಅದರಲ್ಲಿ ಸೇರುತ್ತದೆ. ಫೋನಿನ ವಿಷಯದಲ್ಲಿ ಜೀವಾವಧಿಯ ತ್ಯಾಗವನ್ನು ಇಂದಿನ ಗೃಹಸ್ಥರಿಂದ ನಿರೀಕ್ಷಿಸಲಾಗದು. ನಿಯಮವಾದರೂ ಸಾಧ್ಯ. ಕಾಯುವ ಗುಣ ಇರುವವರೆಗೆ ಬದಲಿಸುವುದಿಲ್ಲ, ಆ ಗುಣ ಹೋದ ಮೇಲೆ ಹಟದಿಂದ ಇಟ್ಟುಕೊಳ್ಳುವುದಿಲ್ಲ ಎಂದು ಇಂತಿಷ್ಟು ವರ್ಷಗಳಿಗೆ ಪರ್ವದ ದಿನಗಳಲ್ಲಿ ನಿಯಮ ಮಾಡಿಕೊಳ್ಳಬಹುದು. ಫೋನು ನಿಧಾನವಾದರೆ ಮೊದಲು ಬ್ಯಾಟರಿಯನ್ನು ನೋಡಬೇಕು. ಸುರಕ್ಷಾ ಪರಿಷ್ಕರಣ ಇನ್ನೂ ಬರುತ್ತಿದೆಯೇ ಎಂಬುದನ್ನು ವರ್ಷಕ್ಕೊಮ್ಮೆ ವಿಚಾರಿಸಬೇಕು. ಒಂದು ಬಂದಾಗ ಒಂದು ಹೋಗಬೇಕು.

ವಿಶ್ವಸ್ತ ಮಂಡಳಿಗಳಿಗೆ ಇನ್ನೂ ಎರಡು ಮಾತು. ಬಸದಿಯ ಫೋನಿನಲ್ಲಿರುವ ದಾನಿಗಳ ವಿವರ ನಮ್ಮಲ್ಲಿ ಇಟ್ಟ ನ್ಯಾಸ. ಅದನ್ನು ಕಾಯುವ ವೆಚ್ಚ ದುಂದಲ್ಲ. ಫೋನನ್ನು ವಿಲೇವಾರಿ ಮಾಡುವಾಗ ಒಳಗಿನದನ್ನು ಪೂರ್ಣವಾಗಿ ಅಳಿಸಿ, ಅಧಿಕೃತ ಮರುಬಳಕೆಯವರಿಗೇ ಒಪ್ಪಿಸಬೇಕು. ಎರಡನೆಯದು, ಸನ್ಮಾನ, ಪಾರಿತೋಷಕಗಳ ನೆಪದಲ್ಲಿ ಹೊಸ ಫೋನುಗಳನ್ನು ಹಂಚುವ ಪದ್ಧತಿಗೆ ನಮ್ಮ ವೇದಿಕೆಗಳಲ್ಲಿ ಎಡೆಯಿರಬಾರದು. ವಿಸ್ಮಯವನ್ನು ಅತಿಚಾರವೆಂದು ಎಣಿಸಿದ ಆಚಾರ್ಯರ ಭಾವಚಿತ್ರದ ಕೆಳಗೆ ನಿಂತು ವಿಸ್ಮಯವನ್ನು ಬಹುಮಾನವಾಗಿ ಕೊಡುವುದು ಶೋಭಿಸುವುದಿಲ್ಲ.

ಹಳೆಯ ಪಿಂಛಿಯನ್ನು ಪಡೆದವರ ಮನೆಗೆ ಹೋದಾಗ, ಅದು ಪೂಜಾಗೃಹದಲ್ಲಿ ಗೌರವದಿಂದ ಇರುವುದನ್ನು ನೋಡಿದ್ದೇನೆ. ಅದರೊಡನೆ ಒಂದು ನಿಯಮವೂ ಆ ಮನೆಯಲ್ಲಿ ನೆಲೆಸಿರುತ್ತದೆ. ನಮ್ಮ ಹಳೆಯ ಫೋನುಗಳು ಇರುವುದು ಮೇಜಿನ ಖಾನೆಯಲ್ಲಿ, ಒಂದರ ಮೇಲೊಂದು. ಈ ಸಂಚಿಕೆಯನ್ನು ಓದಿ ಮುಗಿಸಿದ ವಾಚಕರು ಆ ಖಾನೆಯನ್ನು ಒಮ್ಮೆ ತೆರೆದು ಎಣಿಸಬೇಕೆಂದು ನನ್ನ ವಿನಂತಿ. ನಾನು ಎಣಿಸಿದಾಗ ನನ್ನಲ್ಲಿ ಮೂರಿದ್ದವು.